ಕಹಿಯ ಹದ

ಪೊಟ್ಟಣದ ಮೇಲೆ ಒಂದು ಅಂಕಿ, ಸೂತ್ರದ ತುದಿಯಲ್ಲಿ ಮತ್ತೊಂದು, ನಾಲಿಗೆಯ ಮೇಲೆ ಮೂರನೆಯದು. ಹಾಪ್ಸಿನ ಹೊಸ ಬೆಳೆ ಕೈಗೆ ಬರುವ ಈ ಋತುವಿನಲ್ಲಿ, ಮನೆಯ ಒಲೆಯ ಮೇಲೆ ಪೇಲ್ ಏಲ್ ಬೇಯಿಸುವವರು ನಂಬಬೇಕಾದುದು ಯಾವುದನ್ನು?

ಸೆಪ್ಟೆಂಬರಿನ ಪ್ರಾತಃಕಾಲ. ಅಮೆರಿಕದ ವಾಯವ್ಯದಲ್ಲಿ, ಕ್ಯಾಸ್ಕೇಡ್ ಪರ್ವತಶ್ರೇಣಿಯ ಪೂರ್ವಕ್ಕೆ, ಮಳೆಯ ನೆರಳಿನ ಒಣನೆಲವಾಗಿಯೂ ಹಿಮಗಿರಿಗಳ ನೀರನ್ನು ಕಾಲುವೆಗಳಲ್ಲಿ ಪಡೆದು ಹಸುರಾಗಿರುವ ಯಾಕಿಮಾ ಕಣಿವೆಯಲ್ಲಿ, ಹದಿನೆಂಟು ಅಡಿ ಎತ್ತರದ ತಂತಿಗಳಿಂದ ಇಳಿಬಿಟ್ಟ ಹುರಿಗಳನ್ನು ಪ್ರದಕ್ಷಿಣವಾಗಿ ಸುತ್ತಿಕೊಂಡು ಮೇಲೇರಿದ ಬಳ್ಳಿಗಳ ಸಾಲಿನೊಳಗೆ ಲಾರಿಯೊಂದು ನಡಿಗೆಯ ವೇಗದಲ್ಲಿ ಸಾಗುತ್ತಿದೆ. ಬುಡವನ್ನು ಮೊದಲೇ ಕಡಿದಿದ್ದಾರೆ. ಮೇಲ್ತುದಿಯನ್ನು ಕತ್ತರಿಸಿದೊಡನೆ ಇಡೀ ಬಳ್ಳಿ ತನ್ನ ಅಸಂಖ್ಯ ಹೂಶಂಕುಗಳೊಡನೆ ಲಾರಿಯೊಳಕ್ಕೆ ಒರಗುತ್ತದೆ. ಗಾಳಿಯಲ್ಲಿ ಚಕ್ಕೋತದ ಸಿಪ್ಪೆಯ, ದೇವದಾರು ರಾಳದ, ಆಗತಾನೆ ಕೊಯ್ದ ಹುಲ್ಲಿನ ಗಂಧ.

ಅಮೆರಿಕದ ಹಾಪ್ಸ್ ಬೆಳೆಯ ಮುಕ್ಕಾಲು ಪಾಲು ಈ ಒಂದು ಕಣಿವೆಯದು. ಆಗಸ್ಟಿನ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಯಂತ್ರಗಳು ಹಗಲಿರುಳು ನಿಲ್ಲುವುದಿಲ್ಲ. ಬಳ್ಳಿಯಿಂದ ಬಿಡಿಸಿದ ಶಂಕುಗಳನ್ನು ಒಣಗುಮನೆಯ ಜಾಲರಿಯ ಮೇಲೆ ದಪ್ಪನಾಗಿ ಹರಡಿ, ಕೆಳಗಿನಿಂದ ಬಿಸಿಗಾಳಿಯನ್ನು ಹಾಯಿಸಿ, ನೂರಕ್ಕೆ ಎಪ್ಪತ್ತೈದರ ಮೇಲಿದ್ದ ತೇವವನ್ನು ಹತ್ತರ ಆಸುಪಾಸಿಗೆ ಇಳಿಸಿ, ಸುಮಾರು 90 ಕಿಲೋಗ್ರಾಮಿನ ಮೂಟೆಗಳಾಗಿ ಒತ್ತಿ ಕಟ್ಟುತ್ತಾರೆ.

ಕೊಳ್ಳಲು ಬಂದವರು ಮೂಟೆಯಿಂದ ಹಿಡಿಯಷ್ಟನ್ನು ತೆಗೆದು ಎರಡು ಅಂಗೈಗಳ ನಡುವೆ ತಿಕ್ಕುತ್ತಾರೆ. ಶಂಕುವಿನ ಎಸಳುಗಳ ಬುಡದಲ್ಲಿ ಅಡಗಿದ್ದ ಲ್ಯುಪುಲಿನ್ ಎಂಬ ಹಳದಿ ಧೂಳು ಒಡೆದು, ಅಂಗೈ ಅಂಟಂಟಾಗಿ, ಗಂಧ ಏಳುತ್ತದೆ. ಅದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತೀರ್ಮಾನಿಸುತ್ತಾರೆ.

ಸುಗಂಧದ ವಿಷಯದಲ್ಲಿ ಈ ತೀರ್ಮಾನ ಸಾಧ್ಯ. ಕಹಿಯ ವಿಷಯದಲ್ಲಿ ಸಾಧ್ಯವಿಲ್ಲ. ಏಕೆಂದರೆ ಬಿಯರಿನಲ್ಲಿ ನಾವು ಬಲ್ಲ ಕಹಿ ಈ ಹೊಲದಲ್ಲಿ ಇನ್ನೂ ಹುಟ್ಟಿಲ್ಲ. ಅದು ಹುಟ್ಟುವುದು ಕುದಿಯುವ ಪಾತ್ರೆಯಲ್ಲಿ, ಅದನ್ನು ಬೇಯಿಸುವವರ ಕಣ್ಣೆದುರಿನಲ್ಲಿ. ಆದುದರಿಂದಲೇ ಅದರ ಹದವನ್ನು ನಿರ್ಣಯಿಸುವ ಭಾರವೂ ಅವರ ಮೇಲೆಯೇ ಬೀಳುತ್ತದೆ.

ಚೀಕೋ ಪಟ್ಟಣದ ಹಸುರು ಚೀಟಿ

ಅಮೆರಿಕನ್ ಪೇಲ್ ಏಲಿನ ಕತೆಯನ್ನು ಬಲ್ಲವರಿಗೆ ಕ್ಯಾಸ್ಕೇಡ್ ಎಂಬುದು ಪರ್ವತದ ಹೆಸರಾಗಿರುವಂತೆ ಒಂದು ಹಾಪ್ಸ್ ತಳಿಯ ಹೆಸರೂ ಹೌದು. ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಕೃಷಿ ಇಲಾಖೆಯ ತಳಿವಿಜ್ಞಾನಿಗಳು ಬೆಳೆಸಿ 1972ರಲ್ಲಿ ರೈತರ ಕೈಗೆ ಕೊಟ್ಟ ಈ ತಳಿಯ ವಂಶದಲ್ಲಿ ಇಂಗ್ಲೆಂಡಿನ ಫಗಲ್ ಇದೆ; ಆದರೆ ಗಂಧದಲ್ಲಿ ಚಕ್ಕೋತದ ಹಣ್ಣಿನ ಸ್ಪಷ್ಟವಾದ ಹೊಸತನವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂಯಿಂಗ್ ಸಂಸ್ಥೆ 1975ರಲ್ಲಿ ತನ್ನ ಲಿಬರ್ಟಿ ಏಲಿಗೆ ಇದನ್ನು ಬಳಸಿತು.

ಉತ್ತರ ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದಲ್ಲಿ ಕೆನ್ ಗ್ರಾಸ್‌ಮನ್ ಎಂಬ ಯುವಕ 1976ರಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವವರಿಗಾಗಿ ಒಂದು ಸಾಮಗ್ರಿ ಅಂಗಡಿಯನ್ನು ತೆರೆದನು. ಕೆಲವೇ ವರ್ಷಗಳಲ್ಲಿ, ಪಾಲ್ ಕಮೂಸಿಯೊಡನೆ ಸೇರಿ, ಹಾಲಿನ ಡೈರಿಗಳಿಂದ ಹಳೆಯ ಉಕ್ಕಿನ ತೊಟ್ಟಿಗಳನ್ನು ಕೊಂಡು ತಂದು, ತಾನೇ ಬೆಸುಗೆ ಹಾಕಿ ಸಿಯೆರಾ ನೆವಾಡಾ ಎಂಬ ಕಿರುಬಟ್ಟಿಯನ್ನು ಕಟ್ಟಿದನು. 1980ರಲ್ಲಿ ಅಲ್ಲಿ ಬೆಂದ ಪೇಲ್ ಏಲಿನ ಮೊದಲ ಪಾಕಗಳು ಅವರಿಗೇ ಒಪ್ಪಿಗೆಯಾಗದೆ ಮೋರಿಯ ಪಾಲಾದವು. ಒಂದು ಪಾಕದಂತೆ ಮತ್ತೊಂದು ಬರುವವರೆಗೆ ಅವರು ಮಾರಲಿಲ್ಲ.

ಹಸುರು ಚೀಟಿಯ ಆ ಬಾಟಲಿಯೇ ಇಂದಿಗೂ ಈ ಶೈಲಿಯ ಮಾನದಂಡ. ಅದರ ಕಹಿಯನ್ನು ತಯಾರಕರು 38 ಮಾನಗಳೆಂದು ಪ್ರಕಟಿಸಿದ್ದಾರೆ. ಮದ್ಯಸಾರ ನೂರಕ್ಕೆ 5.6. ಮನೆಯಲ್ಲಿ ಪೇಲ್ ಏಲ್ ಬೇಯಿಸಲು ಹೊರಟ ಪ್ರತಿಯೊಬ್ಬರೂ ಒಂದಲ್ಲ ಒಂದು ಬಾರಿ ತಮ್ಮ ಲೋಟವನ್ನು ಅದರ ಪಕ್ಕದಲ್ಲಿಟ್ಟು ನೋಡುವವರೇ.

> ಕಾನೂನಿನ ಬಾಗಿಲು
>
> ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಬೇಕಾಗಿದ್ದ ಪರವಾನಗಿ 1963ರ ಆಯವ್ಯಯದಲ್ಲಿ ರದ್ದಾಯಿತು. ಆಗ ಹಣಕಾಸು ಸಚಿವರಾಗಿದ್ದವರು ರೆಜಿನಾಲ್ಡ್ ಮಾಡ್ಲಿಂಗ್.
>
> ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಮುಗಿದರೂ ಮನೆಯ ಬಿಯರಿಗೆ ಅನುಮತಿ ದೊರೆಯಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಮಾಡಿದ ಕಾನೂನು ಆ ತಡೆಯನ್ನು ತೆಗೆಯಿತು: ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರಾಟವಿಲ್ಲ.
>
> ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ.

ಆರು ಕೊಂಡಿಯ ಉಂಗುರ ಐದಾದಾಗ

ಲ್ಯುಪುಲಿನ್ ಧೂಳಿನಲ್ಲಿ ಹ್ಯುಮುಲೋನ್, ಕೋಹ್ಯುಮುಲೋನ್, ಆ್ಯಡ್‌ಹ್ಯುಮುಲೋನ್ ಎಂಬ ರಾಳದ್ರವ್ಯಗಳಿವೆ. ಇವಕ್ಕೆ ಒಟ್ಟಾಗಿ ಆಲ್ಫಾ ಆಮ್ಲಗಳೆಂದು ಹೆಸರು. ಮಾಲ್ಟಿನ ಸಿಹಿರಸವಾದ ವರ್ಟಿನಲ್ಲಿ ಅವು ಕರಗುವುದೇ ಕಷ್ಟ.

ಆದರೆ ವರ್ಟ್ ಕುದಿಯತೊಡಗಿ, ಆ ಕುದಿತ ಅರ್ಧ ಗಂಟೆ, ಒಂದು ಗಂಟೆ ಮುಂದುವರಿದಾಗ, ಆರು ಇಂಗಾಲಗಳ ಉಂಗುರವಾಗಿದ್ದ ಅಣುವಿನ ನಡುಭಾಗ ಕುಗ್ಗಿ ಐದರ ಉಂಗುರವಾಗುತ್ತದೆ. ಒಂದು ಪರಮಾಣುವೂ ಸೇರದೆ, ಒಂದೂ ಹೋಗದೆ, ಜೋಡಣೆ ಮಾತ್ರ ಬದಲಾಗಿ ಐಸೊ-ಆಲ್ಫಾ ಆಮ್ಲವೆಂಬ ಹೊಸ ದ್ರವ್ಯ ಹುಟ್ಟುತ್ತದೆ. ಇದು ಕರಗುತ್ತದೆ, ಇದೇ ಕಹಿ. ಬಿಯರಿನ ನೊರೆಯನ್ನು ಎತ್ತಿಹಿಡಿದು ಲೋಟದ ಗೋಡೆಗೆ ಜಾಲರಿಯಾಗಿ ಅಂಟಿಸುವ ಶಕ್ತಿಯೂ, ಹುಳಿಹಿಡಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳನ್ನು ತಡೆಯುವ ಶಕ್ತಿಯೂ ಇದಕ್ಕುಂಟು.

ಇಲ್ಲಿಯೇ ಒಂದು ದ್ವಂದ್ವವಿದೆ. ಕಹಿಗೆ ದೀರ್ಘವಾದ ಕುದಿತ ಬೇಕು. ಪರಿಮಳ ತೈಲಗಳಾದರೋ ಕೆಲವೇ ನಿಮಿಷಗಳಲ್ಲಿ ಹಬೆಯೊಡನೆ ಹಾರಿಹೋಗುತ್ತವೆ. ಆದುದರಿಂದ ಹಾಪ್ಸನ್ನು ಕಂತುಗಳಲ್ಲಿ ಹಾಕುವ ಪದ್ಧತಿ ಬಂದಿತು: ಕಹಿಗಾಗಿ 60 ನಿಮಿಷ ಬೇಯುವ ಮೊದಲ ಕಂತು, ರುಚಿಗಾಗಿ 15 ನಿಮಿಷದ್ದು, ಗಂಧಕ್ಕಾಗಿ ಒಲೆ ಆರಿಸುವ ಹೊತ್ತಿನದು. ಪ್ರತಿಯೊಂದು ಕಂತೂ ಒಟ್ಟು ಕಹಿಗೆ ತನ್ನ ಪಾಲನ್ನು ಸಲ್ಲಿಸುತ್ತದೆ, ಆದರೆ ಸಮವಾಗಿ ಅಲ್ಲ.

ಒಂದು ಪಾತ್ರೆ, ಎರಡು ಲೆಕ್ಕ

ಉದಾಹರಣೆಯೊಂದನ್ನು ಕೈಯಲ್ಲಿ ಹಿಡಿದು ನೋಡೋಣ. ಅಮೆರಿಕದ ಮನೆಗಳಲ್ಲಿ ರೂಢಿಯ ಪ್ರಮಾಣವಾದ ಐದು ಗ್ಯಾಲನ್, ಎಂದರೆ ಸುಮಾರು 19 ಲೀಟರ್ ವರ್ಟ್. ಅದರ ಸಾಂದ್ರತೆ 1.050, ಪೊಟ್ಟಣದ ಮೇಲೆ ನೂರಕ್ಕೆ 6 ಆಲ್ಫಾ ಎಂದು ಬರೆದಿರುವ ಕ್ಯಾಸ್ಕೇಡ್, ಒಂದು ಔನ್ಸ್ ಅಥವಾ 28 ಗ್ರಾಂ. ಇಷ್ಟರಿಂದ ಲೀಟರಿಗೆ 88 ಮಿಲಿಗ್ರಾಮಿನಷ್ಟು ಆಲ್ಫಾ ಆಮ್ಲ ಪಾತ್ರೆಗೆ ಬಿದ್ದಂತಾಯಿತು.

ಅದೆಲ್ಲವೂ ಕಹಿಯಾಗುವುದಿಲ್ಲ. ಕೆಲವಂಶ ಮಾರ್ಪಡುವ ಮೊದಲೇ ಕುದಿತ ಮುಗಿದಿರುತ್ತದೆ. ಮಾರ್ಪಟ್ಟದ್ದರಲ್ಲಿಯೂ ಒಂದಂಶ ಪಾತ್ರೆಯ ತಳದ ಗಸಿಗೆ, ಹುದುಗುವಾಗ ಉಕ್ಕುವ ನೊರೆಗೆ, ಕೆಳಗಿಳಿಯುವ ಯೀಸ್ಟಿಗೆ ಅಂಟಿಕೊಂಡು ಹೋಗುತ್ತದೆ.

ಒರೆಗಾನಿನ ಗ್ಲೆನ್ ಟಿನ್‌ಸೆತ್ 1990ರ ದಶಕದಲ್ಲಿ ರೂಪಿಸಿದ, ಇಂದು ಮನೆಯ ತಯಾರಕರಲ್ಲಿ ಅತ್ಯಂತ ಬಳಕೆಯಲ್ಲಿರುವ ಸೂತ್ರದಂತೆ, ಈ 28 ಗ್ರಾಂ 60 ನಿಮಿಷ ಬೆಂದರೆ ಸುಮಾರು 20 ಮಾನದ ಕಹಿ. 15 ನಿಮಿಷ ಬೆಂದರೆ 10. ಐದೇ ನಿಮಿಷವಾದರೆ 4. ಮೂರು ಕಂತುಗಳನ್ನೂ ಹಾಕಿದರೆ 84 ಗ್ರಾಮಿಗೆ 34 ಮಾನ. ಪೇಲ್ ಏಲಿಗೆ ಇದು ಸಲ್ಲುವ ಅಂಕಿ.

ಇನ್ನು ಅದೇ ಪಾತ್ರೆಯನ್ನು ಜ್ಯಾಕಿ ರೇಗರ್ 1990ರಲ್ಲಿ 'ಝೈಮರ್ಜಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕೋಷ್ಟಕಕ್ಕೆ ಒಪ್ಪಿಸಿರಿ. 60 ನಿಮಿಷದ ಕಂತೊಂದೇ 27 ಮಾನ ಎಂಬ ಉತ್ತರ ಬರುತ್ತದೆ! ಒಂದೇ ಹೂವು, ಒಂದೇ ನೀರು, ಒಂದೇ ಬೆಂಕಿ. ಲೆಕ್ಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಅಂತರ.

ಇಬ್ಬರಲ್ಲಿ ಯಾರೂ ಅಪ್ರಾಮಾಣಿಕರಲ್ಲ. ಅವರವರು ಕಂಡ ಪಾತ್ರೆ, ಕುದಿತದ ರಭಸ, ಹಾಪ್ಸಿನ ರೂಪ ಬೇರೆಯಾಗಿದ್ದವು. ಸೂತ್ರವು ತನ್ನ ಜನ್ಮಸ್ಥಳದ ಅಡುಗೆಮನೆಯನ್ನು ತನ್ನೊಳಗೆ ಹೊತ್ತುಕೊಂಡೇ ಬರುತ್ತದೆ. ಆದುದರಿಂದ ನನ್ನ ದೃಢವಾದ ಅಭಿಪ್ರಾಯವಿದು: ಯಾವುದಾದರೊಂದು ಸೂತ್ರವನ್ನು ಹಿಡಿದವರು ಅದನ್ನು ಬಿಡಬಾರದು. ಅದು ಕೊಡುವ ಅಂಕಿ ಲೋಕಸತ್ಯವಾಗದಿರಬಹುದು. ನಿಮ್ಮ ಹಿಂದಿನ ಪಾಕಕ್ಕೂ ಇಂದಿನ ಪಾಕಕ್ಕೂ ಇರುವ ವ್ಯತ್ಯಾಸವನ್ನಂತೂ ಅದು ನಿಷ್ಠೆಯಿಂದ ತಿಳಿಸುತ್ತದೆ, ಮತ್ತು ಹದವನ್ನು ಹಿಡಿಯಲು ಮೊದಲು ಬೇಕಾದುದು ಆ ವ್ಯತ್ಯಾಸವೇ.

> ತಳಿ ಮತ್ತು ಆಲ್ಫಾ (ನೂರಕ್ಕೆ, ಸಾಮಾನ್ಯ ವ್ಯಾಪ್ತಿ)
>
> ಫಗಲ್ 3.5–5.5
> ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 4–6
> ಕ್ಯಾಸ್ಕೇಡ್ 4.5–7
> ಸೆಂಟೆನಿಯಲ್ 9.5–11.5
> ಸಿಟ್ರಾ 11–13
> ಮ್ಯಾಗ್ನಮ್ 12–14
>
> ಮ್ಯಾಗ್ನಮ್‌ನ ಕಹಿ ಸ್ವಚ್ಛವೆಂದು ಪ್ರಸಿದ್ಧಿ; 60 ನಿಮಿಷದ ಕಂತಿಗೆ ಇದನ್ನು ಅರ್ಧದಷ್ಟು ತೂಕದಲ್ಲಿ ಹಾಕಿ, ಗಂಧವನ್ನು ಕ್ಯಾಸ್ಕೇಡಿಗೆ ಬಿಡುವವರು ಬಹಳ.

ಪೊಟ್ಟಣವೂ ಪರ್ವತವೂ

ಪೊಟ್ಟಣದ ಮೇಲಿನ ಅಂಕಿಯೂ ಅಚಲವಲ್ಲ. ಆಲ್ಫಾ ಆಮ್ಲ ಗಾಳಿಗೂ ಶಾಖಕ್ಕೂ ಕ್ಷಯಿಸುವ ದ್ರವ್ಯ. ಕ್ಯಾಸ್ಕೇಡ್ ಅಂತೂ ಈ ವಿಷಯದಲ್ಲಿ ದುರ್ಬಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ತಿಂಗಳು ಇಟ್ಟ ಕ್ಯಾಸ್ಕೇಡಿನಲ್ಲಿ ಮೊದಲಿದ್ದುದರ ಅರ್ಧದಷ್ಟು ಮಾತ್ರ ಉಳಿದಿರುತ್ತದೆ. ನಿರ್ವಾತ ಪೊಟ್ಟಣದಲ್ಲಿ, ಶೀತಕದ ಹಿಮಗಟ್ಟುವ ಖಾನೆಯಲ್ಲಿ ಇಟ್ಟ ಹೊಸ ಬೆಳೆಗೂ ಅಂಗಡಿಯ ಕಪಾಟಿನಲ್ಲಿ ಬೇಸಗೆಯನ್ನು ಕಳೆದ ಹಳೆಯ ಬೆಳೆಗೂ ಒಂದೇ ಅಂಕಿಯನ್ನು ಸೂತ್ರಕ್ಕೆ ಕೊಟ್ಟು, ಆಮೇಲೆ ನಾಲಿಗೆಯನ್ನು ಸಂಶಯಿಸುವುದು ನ್ಯಾಯವಲ್ಲ.

ಇನ್ನೊಂದು ಕಾರಣವನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಆಲ್ಫಾ ಆಮ್ಲ ಐಸೊ-ಆಲ್ಫಾ ಆಮ್ಲವಾಗುವ ಕ್ರಿಯೆಯ, ಎಂದರೆ ಐಸೊಮರೀಕರಣದ, ವೇಗ ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟು ಏರಿಳಿಯುವಂಥದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು 97ರ ಸುಮಾರಿಗೇ ಕುದಿಯುತ್ತದೆ. ಅಷ್ಟರಿಂದಲೇ ಕಹಿ ಹುಟ್ಟುವ ವೇಗ ಐದನೆಯ ಒಂದು ಪಾಲಿನಷ್ಟು ತಗ್ಗುತ್ತದೆ. ಪೋರ್ಟ್‌ಲ್ಯಾಂಡಿನಲ್ಲೋ ಲಂಡನ್ನಿನಲ್ಲೋ ಬರೆದ ಪಾಕವಿಧಾನವನ್ನು ಬೆಂಗಳೂರಿನ ಪರವಾನಗಿ ಪಡೆದ ಕಿರುಬಟ್ಟಿಗಳಲ್ಲಿ ಅಕ್ಷರಶಃ ಪಾಲಿಸಿದರೆ ಏಲ್ ಕೊಂಚ ಮೃದುವಾಗಿಯೇ ಬರಬೇಕು.

ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮಾಟ್ಜೆನ್ 1978ರಲ್ಲಿ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಸ್ಥಾಪಿಸಿದ ಕೊಲೊರಾಡೊದ ಬೋಲ್ಡರ್ ನಗರ ಇನ್ನೂ ಎತ್ತರದಲ್ಲಿದೆ. ಅಲ್ಲಿ ನೀರು 95 ಡಿಗ್ರಿಯೊಳಗೇ ಕುದಿಯುತ್ತದೆ. ದೇಶಕ್ಕೆಲ್ಲ ಈ ವಿದ್ಯೆಯನ್ನು ಹರಡಿದ ಊರಿನವರು ತಮ್ಮ ಪಾತ್ರೆಗೆ ಮಾತ್ರ ಒಂದು ಹಿಡಿ ಹೆಚ್ಚು ಹಾಪ್ಸನ್ನು ಹಾಕಬೇಕಾಗುತ್ತದೆ.

ಪ್ರಯೋಗಶಾಲೆ ಏನನ್ನು ಅಳೆಯುತ್ತದೆ?

ಸೂತ್ರ ಊಹಿಸಿದ್ದನ್ನು ಪ್ರಯೋಗಶಾಲೆ ಅಳೆಯಬಲ್ಲದು. ಬಿಯರಿನ ಗಾಳಿಗುಳ್ಳೆಗಳನ್ನು ತೆಗೆದು, ಆಮ್ಲ ಬೆರೆಸಿ, ಐಸೊ-ಆಕ್ಟೇನ್ ಎಂಬ ದ್ರಾವಕದಲ್ಲಿ ಕುಲುಕಿ, ಮೇಲೆ ನಿಂತ ಪದರದ ಮೂಲಕ 275 ನ್ಯಾನೊಮೀಟರ್ ತರಂಗದೈರ್ಘ್ಯದ ಅತಿನೇರಳೆ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂಬುದನ್ನು 50ರಿಂದ ಗುಣಿಸಿದರೆ ಬರುವ ಅಂಕಿಯೇ ಅಂತಾರಾಷ್ಟ್ರೀಯ ಕಹಿಮಾನ, ಎಂದರೆ ಐಬಿಯು. ಒಂದು ಮಾನವೆಂದರೆ ಸ್ಥೂಲವಾಗಿ ಲೀಟರಿಗೆ ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ.

ಸ್ಥೂಲವಾಗಿ ಎಂದೆನು, ಏಕೆಂದರೆ ಆ ಬೆಳಕಿಗೆ ಐಸೊ-ಆಲ್ಫಾ ಆಮ್ಲವೂ ಇತರ ಹಾಪ್ಸ್ ದ್ರವ್ಯಗಳೂ ಬೇರೆಬೇರೆಯಾಗಿ ಕಾಣುವುದಿಲ್ಲ. ಹುದುಗಿದ ಮೇಲೆ ತಣ್ಣನೆಯ ಬಿಯರಿಗೆ ಒಣಹಾಪ್ಸನ್ನು ಹಾಕುವ ರೂಢಿಯಿದೆಯಷ್ಟೆ. ಅದರಿಂದ ಹ್ಯುಮುಲಿನೋನ್ ಎಂಬ ಆಕ್ಸಿಡೀಕೃತ ದ್ರವ್ಯ ಕರಗಿ ಬರುತ್ತದೆ. ಅದರ ಕಹಿ ಐಸೊ-ಆಲ್ಫಾ ಆಮ್ಲದ ಕಹಿಯ ಮೂರನೆಯ ಎರಡು ಪಾಲಿನಷ್ಟೆಂದು ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಶೆಲ್‌ಹ್ಯಾಮರ್ ಅವರ ತಂಡ ರುಚಿಪರೀಕ್ಷೆಯಿಂದ ಕಂಡುಕೊಂಡಿತು. ಅದೇ ಒಣಹಾಪ್ಸಿನ ಎಲೆಭಾಗ ಬಿಯರಿನಲ್ಲಿದ್ದ ಐಸೊ-ಆಲ್ಫಾ ಆಮ್ಲದ ಒಂದಂಶವನ್ನು ಹೀರಿಕೊಂಡು ಹೋಗುತ್ತದೆ. ಹೀಗೆ ಒಂದೇ ಕ್ರಿಯೆಯಿಂದ ಕಹಿ ಕೂಡುವುದೂ ಉಂಟು, ಕಳೆಯುವುದೂ ಉಂಟು. ಕುದಿತವನ್ನಷ್ಟೇ ಎಣಿಸುವ ಸೂತ್ರಗಳಿಗೆ ಇವೆರಡೂ ಗೋಚರವಾಗವು.

ಸಿಹಿಯ ಎದುರಿಗೆ

ಪ್ರಮಾಣ ತಿಳಿದ ಮಾತ್ರಕ್ಕೆ ಹದ ತಿಳಿಯಲಿಲ್ಲ. 35 ಮಾನದ ಕಹಿ, ತೆಳುವಾದ ಏಲಿನಲ್ಲಿ ನಾಲಿಗೆಯನ್ನು ಆಳುತ್ತದೆ. ಸಾಂದ್ರವಾದ, ಸಿಹಿಯುಳಿದ ಬಲವಾದ ಏಲಿನಲ್ಲಿ ಇದೆಯೋ ಇಲ್ಲವೋ ಎಂಬಂತಿರುತ್ತದೆ. ರೇ ಡೇನಿಯಲ್ಸ್ 1996ರ ತಮ್ಮ ಗ್ರಂಥದಲ್ಲಿ ಇದಕ್ಕಾಗಿ ಒಂದು ಸರಳ ಭಾಗಲಬ್ಧವನ್ನು ಬಳಕೆಗೆ ತಂದರು: ಕಹಿಮಾನವನ್ನು ವರ್ಟಿನ ಸಾಂದ್ರತೆಯ ಕೊನೆಯ ಎರಡು ಅಂಕಿಗಳಿಂದ ಭಾಗಿಸುವುದು. ನಮ್ಮ ಉದಾಹರಣೆಯ ಪಾಕದಲ್ಲಿ 34 ಭಾಗಿಸು 50, ಎಂದರೆ 0.68. ಪೇಲ್ ಏಲಿಗೆ ಏಳು ದಶಾಂಶದ ಆಸುಪಾಸು ಹಿತವಾದ ನೆಲೆ. ಅದು ಒಂದನ್ನು ಮುಟ್ಟುತ್ತಿದ್ದಂತೆ ನಾವು ಇಂಡಿಯಾ ಪೇಲ್ ಏಲಿನ ಸೀಮೆಯನ್ನು ಪ್ರವೇಶಿಸಿರುತ್ತೇವೆ.

ಈ ಭಾಗಲಬ್ಧವು ಆರಂಭದ ಸಿಹಿಯನ್ನು ಎಣಿಸುತ್ತದೆಯೇ ಹೊರತು ಉಳಿದ ಸಿಹಿಯನ್ನಲ್ಲ. 1.050ರಿಂದ ಹೊರಟ ಎರಡು ಪಾಕಗಳಲ್ಲಿ ಒಂದು 1.009ರಲ್ಲಿಯೂ ಇನ್ನೊಂದು 1.016ರಲ್ಲಿಯೂ ನಿಂತರೆ, ಐಬಿಯು ಒಂದೇ ಇದ್ದರೂ ಮೊದಲನೆಯದು ಖಡಕ್ಕಾಗಿ, ಎರಡನೆಯದು ದುಂಡಾಗಿ ತೋರುವುದು. ಕಹಿ ಹೆಚ್ಚಾಯಿತೆಂದು ದೂರುವವರಲ್ಲಿ ಅನೇಕರ ಪಾಕದಲ್ಲಿ ನಿಜವಾಗಿ ಆಗಿರುವುದು ಸಿಹಿಯ ಕೊರತೆ. ಹಾಪ್ಸನ್ನು ಕಡಿಮೆ ಮಾಡುವ ಮೊದಲು ಹೈಡ್ರೋಮೀಟರನ್ನು ನೋಡಬೇಕು.

ನೀರಿನ ಪ್ರಭಾವವೂ ಇಷ್ಟೇ ಗಹನವಾದುದು. ಇಂಗ್ಲೆಂಡಿನ ಟ್ರೆಂಟ್ ನದೀತೀರದ ಬರ್ಟನ್ ಪಟ್ಟಣ ಪೇಲ್ ಏಲಿನ ರಾಜಧಾನಿಯಾದುದು ಅಲ್ಲಿನ ಬಾವಿಗಳಿಂದ: ಜಿಪ್ಸಮ್ ಪದರಗಳನ್ನು ಹಾಯ್ದು ಬರುವ ಆ ನೀರಿನಲ್ಲಿ ಸಲ್ಫೇಟ್ ಲೀಟರಿಗೆ ನೂರಾರು ಮಿಲಿಗ್ರಾಂ. ಸಲ್ಫೇಟ್ ಕಹಿಯನ್ನು ಒಣಗಿಸಿ ಮೊನಚಾಗಿಸುತ್ತದೆ. ಕ್ಲೋರೈಡ್ ಮಾಲ್ಟನ್ನು ಮುಂದೆ ತಂದು ಕಹಿಯ ಅಂಚನ್ನು ಮೆತ್ತಗಾಗಿಸುತ್ತದೆ. ಬೈಕಾರ್ಬೊನೇಟ್ ತುಂಬಿದ ನೀರು ಕಹಿಯನ್ನು ಒರಟು ಮಾಡುತ್ತದೆ. ಒಂದು ಚಮಚ ಜಿಪ್ಸಮ್ಮಿನಿಂದ ಐಬಿಯು ಒಂದು ಮಾನವೂ ಏರದೆ ಲೋಟದ ಸ್ವಭಾವವೇ ಬದಲಾಗುವುದನ್ನು ಕಂಡವರು ಅಂಕಿಯನ್ನು ಪೂರ್ತಿಯಾಗಿ ನಂಬುವುದನ್ನು ಬಿಡುತ್ತಾರೆ.

> ಭಾರತದ ಹಾದಿಯಲ್ಲಿ
>
> ಪೂರ್ವ ಲಂಡನ್ನಿನ ಬೋ ಬಟ್ಟಿಯ ಹಾಡ್ಜ್‌ಸನ್ ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಪೇಲ್ ಏಲನ್ನು ಕಳಿಸುತ್ತಿದ್ದನು. 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಪ್ ಪೈಪೋಟಿಗೆ ಇಳಿದನು. ಆಫ್ರಿಕದ ತುದಿಯನ್ನು ಬಳಸಿ ಬರುವ ತಿಂಗಳುಗಳ ಸಮುದ್ರಯಾನಕ್ಕೆಂದು ಹಾಪ್ಸನ್ನು ಧಾರಾಳವಾಗಿ ಹಾಕುತ್ತಿದ್ದರು.
>
> ಹಾಪ್ಸ್ ಬಳ್ಳಿಗೆ ಬೇಸಗೆಯ ದೀರ್ಘವಾದ ಹಗಲು ಬೇಕು. ಭಾರತದಲ್ಲಿ ಅದು ಬೆಳೆಯುವ ಮುಖ್ಯ ತಾಣ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆ.

ನಾಲಿಗೆಯ ಶಿಕ್ಷಣ

ಹಾಗಾದರೆ ಉಳಿದದ್ದು ನಾಲಿಗೆ. ಅದನ್ನು ಕುರಿತು ನಮ್ಮಲ್ಲಿ ಅನಗತ್ಯವಾದ ಅಳುಕಿದೆ: ಯಂತ್ರ ನಿಷ್ಪಕ್ಷಪಾತಿ, ನಾಲಿಗೆ ಚಂಚಲ ಎಂಬ ಭಾವನೆ. ಆದರೆ ಲೋಟದಲ್ಲಿರುವುದನ್ನು ಕುಡಿಯುವುದು ಯಂತ್ರವಲ್ಲವಷ್ಟೆ! ಶಿಕ್ಷಿತವಾದ ನಾಲಿಗೆ ಯಂತ್ರಕ್ಕೆ ಅಗೋಚರವಾದ ಅನೇಕ ಗುಣಗಳನ್ನು ಹೇಳಬಲ್ಲದು, ಪ್ರಶ್ನೆಯಿರುವುದು ಶಿಕ್ಷಣದಲ್ಲಿ.

ಮನುಷ್ಯನಲ್ಲಿ ಕಹಿಯನ್ನು ಗ್ರಹಿಸುವ ಗ್ರಾಹಕಗಳು ಇಪ್ಪತ್ತೈದರಷ್ಟು ಬಗೆ. ಹಾಪ್ಸಿನ ಆಮ್ಲಗಳಿಗೆ ಓಗೊಡುವುದು ಅವುಗಳಲ್ಲಿ ಕೆಲವು ಮಾತ್ರ. ಅವುಗಳ ಚುರುಕು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ. ಈ ಕಹಿ ತಡವಾಗಿ ಏರಿ, ನುಂಗಿದ ಮೇಲೆ ಗಂಟಲ ಬಳಿ ಬಲಗೊಂಡು, ನಿಧಾನವಾಗಿ ಇಳಿಯುತ್ತದೆ. ಆದುದರಿಂದಲೇ ಬಿಯರ್ ಪರೀಕ್ಷಕರು ದ್ರಾಕ್ಷಾರಸದವರಂತೆ ಉಗುಳುವುದಿಲ್ಲ, ಗುಟುಕು ನುಂಗಿ ಕಾಯುತ್ತಾರೆ. ಒಂದು ಗುಟುಕಿನ ಕಹಿ ಮುಂದಿನದರ ಮೇಲೆ ಕುಳಿತುಕೊಳ್ಳುವುದರಿಂದ, ನಡುವೆ ನೀರನ್ನೂ ಉಪ್ಪಿಲ್ಲದ ಬಿಸ್ಕತ್ತನ್ನೂ ತೆಗೆದುಕೊಂಡು, ಬಾಯಿ ನಿರಾಳವಾಗುವವರೆಗೆ ತಡೆಯಬೇಕು.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಕಹಿ ಮತ್ತು ಒಗರಿನದು. ತಿಕ್ತವನ್ನೂ ಕಷಾಯವನ್ನೂ ಷಡ್ರಸಗಳಲ್ಲಿ ಪ್ರತ್ಯೇಕವಾಗಿ ಎಣಿಸಿದ ವೈದ್ಯಪರಂಪರೆಯಲ್ಲಿ ಬೆಳೆದವರಿಗೆ ಇದು ಕಠಿಣವಾಗಬಾರದು. ಕಹಿ ರುಚಿ, ಒಗರು ಸ್ಪರ್ಶ, ಎಳೆಯ ಅಡಿಕೆಯ ಚೊಗರಿನಂತೆ ಕೆನ್ನೆಯ ಒಳಗನ್ನೂ ಒಸಡನ್ನೂ ಬಿಗಿಯುವಂಥದು. ಅದು ಬರುವುದು ಐಸೊ-ಆಲ್ಫಾ ಆಮ್ಲದಿಂದಲ್ಲ, ಎಲೆಯ ಮತ್ತು ಮಾಲ್ಟ್ ಸಿಪ್ಪೆಯ ಪಾಲಿಫಿನಾಲ್‌ಗಳಿಂದ. ಆಲ್ಫಾ ಕಡಿಮೆಯಿರುವ ಹಾಪ್ಸನ್ನು ರಾಶಿ ಹಾಕಿದಾಗ, ಮಾಲ್ಟನ್ನು ಅತಿ ಬಿಸಿಯಾದ, ಕ್ಷಾರೀಯ ನೀರಿನಿಂದ ತೊಳೆದಾಗ ಅದು ಏಳುತ್ತದೆ. ಒಗರನ್ನು ಕಹಿಯೆಂದು ಭ್ರಮಿಸಿ 60 ನಿಮಿಷದ ಕಂತನ್ನು ಇಳಿಸಿದವರು ಮುಂದಿನ ಪಾಕದಲ್ಲಿ ಪೇಲವವೂ ಒಗರೂ ಆದ ಏಲನ್ನು ಪಡೆಯುತ್ತಾರೆ.

ನೊರೆಯನ್ನು ಪ್ರತ್ಯೇಕವಾಗಿ ಸವಿದು ನೋಡುವುದು ಇನ್ನೊಂದು ಪಾಠ. ಐಸೊ-ಆಲ್ಫಾ ಆಮ್ಲಗಳು ನೊರೆಯಲ್ಲಿ ಸಾಂದ್ರಗೊಳ್ಳುವುದರಿಂದ ಅದು ಕೆಳಗಿನ ಬಿಯರಿಗಿಂತ ಕಹಿ. ನೊರೆಯೊಡನೆ ಬರುವ ಮೊದಲ ಗುಟುಕಿನಿಂದ ತೀರ್ಪು ಕೊಡಬಾರದೆಂಬುದಕ್ಕೆ ಇದೇ ಕಾರಣ.

ಮೆಟ್ಟಿಲು ಕಟ್ಟುವ ಬಗೆ

ಶಿಕ್ಷಣದ ಅತ್ಯುತ್ತಮ ಸಾಧನವನ್ನು ಅಡುಗೆಮನೆಯಲ್ಲೇ ಸಿದ್ಧಮಾಡಬಹುದು. ಮನೆ ತಯಾರಕರ ಅಂಗಡಿಗಳಲ್ಲಿ ಐಸೊ-ಆಲ್ಫಾ ಆಮ್ಲದ ಸಾರ, ಸಾಮಾನ್ಯವಾಗಿ ನೂರಕ್ಕೆ 30ರ ಸಾಂದ್ರತೆಯದು, ಸಣ್ಣ ಶೀಶೆಯಲ್ಲಿ ದೊರೆಯುತ್ತದೆ. ಅದರ ಒಂದು ಮಿಲಿಲೀಟರನ್ನು ನೀರಿನಲ್ಲಿ 100 ಮಿಲಿಲೀಟರಾಗುವಂತೆ ತೆಳುಮಾಡಿರಿ. ಆ ತಿಳಿಯ ಒಂದು ಮಿಲಿಲೀಟರನ್ನು 300 ಮಿಲಿಲೀಟರ್ ಬಿಯರಿಗೆ ಬೆರೆಸಿದರೆ ಕಹಿ ಸುಮಾರು 10 ಮಾನ ಏರುತ್ತದೆ.

ಅಮೆರಿಕನ್ ಲೈಟ್ ಲಾಗರ್ ತಾನಾಗಿ ಹತ್ತರ ಆಸುಪಾಸಿನಲ್ಲಿರುತ್ತದೆ. ಅದರ ಐದು ಲೋಟಗಳಿಗೆ ಕ್ರಮವಾಗಿ ಏನೂ ಇಲ್ಲದೆ, ಒಂದು, ಎರಡು, ಮೂರು, ನಾಲ್ಕು ಮಿಲಿಲೀಟರ್ ಹಾಕಿದರೆ ಹತ್ತರಿಂದ ಐವತ್ತರವರೆಗಿನ ಮೆಟ್ಟಿಲು ಮೇಜಿನ ಮೇಲೆ ನಿಲ್ಲುತ್ತದೆ. ಮೊದಲು ಕ್ರಮವಾಗಿ ಸವಿದು, ಆಮೇಲೆ ಇನ್ನೊಬ್ಬರಿಂದ ಲೋಟಗಳನ್ನು ಅದಲುಬದಲಾಗಿಸಿ, ಚೀಟಿಯಿಲ್ಲದೆ ಜೋಡಿಸಲು ಯತ್ನಿಸಬೇಕು. ಹತ್ತಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಎದ್ದುಕಾಣುತ್ತದೆ. ನಲವತ್ತು ಐವತ್ತರ ನಡುವಿನದು ಹಾಗಲ್ಲ. ಪಾಕವಿಧಾನದಲ್ಲಿ 43ನ್ನು 45 ಮಾಡಲು ಶ್ರಮಿಸುವವರು ಒಮ್ಮೆ ಈ ಮೆಟ್ಟಿಲನ್ನು ಹತ್ತಿ ನೋಡಬೇಕು.

ಎರಡು ಪಾಕಗಳನ್ನು ಹೋಲಿಸಲು ತ್ರಿಕೋನ ಪರೀಕ್ಷೆ ಸಾಕು: ಮೂರು ಲೋಟಗಳಲ್ಲಿ ಎರಡು ಒಂದೇ ಪಾಕದ್ದು, ಒಂದು ಬೇರೆಯದು; ಬೇರೆಯದನ್ನು ಗುರುತಿಸಬೇಕು. ಅದನ್ನೇ ಗುರುತಿಸಲಾಗದಿದ್ದರೆ ಯಾವುದು ಮೇಲೆಂಬ ಚರ್ಚೆಗೆ ನೆಲೆಯಿಲ್ಲ.

1985ರಲ್ಲಿ ಆರಂಭವಾದ ಬಿಯರ್ ನಿರ್ಣಾಯಕರ ಪ್ರಮಾಣೀಕರಣ ಸಂಸ್ಥೆಯ ಅಂಕಪತ್ರಿಕೆಯಲ್ಲಿ ಒಟ್ಟು 50 ಅಂಕಗಳಲ್ಲಿ 20 ರುಚಿಗೆ, 12 ಗಂಧಕ್ಕೆ. ಅಮೆರಿಕನ್ ಪೇಲ್ ಏಲಿಗೆ ಅದು ಹೇಳುವ ಕಹಿಯ ವ್ಯಾಪ್ತಿ 30ರಿಂದ 50. ಇಷ್ಟು ವಿಶಾಲವಾದ ಅಂಗಳದೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ಪತ್ರಿಕೆಯೂ ಹೇಳುವುದಿಲ್ಲ. ನನ್ನ ಮಟ್ಟಿಗೆ, ಎರಡನೆಯ ಗುಟುಕನ್ನು ಬೇಡುವ ಕಹಿಯೇ ಪೇಲ್ ಏಲಿನ ಕಹಿ: ಗಂಟಲಲ್ಲಿ ಸ್ಪಷ್ಟವಾಗಿ ತೋರಿ, ಮಾಲ್ಟಿನ ಸಿಹಿಯನ್ನು ಒರಸಿ, ತಾನೂ ಹೊರಟುಹೋಗಬೇಕು. ಉಳಿದು ಕುಳಿತ ಕಹಿಗೆ, ಅದರ ಐಬಿಯು ಎಷ್ಟೇ ಇರಲಿ, ನಾನು ಅಂಕ ಕಳೆಯುವೆನು.

> ಬೆಳಕಿನ ಭಯ
>
> ಬಿಸಿಲು ತಾಗಿದರೆ ಬಿಯರಿನಲ್ಲಿರುವ ರೈಬೊಫ್ಲೇವಿನ್ ಐಸೊ-ಆಲ್ಫಾ ಆಮ್ಲವನ್ನು ಒಡೆಯುತ್ತದೆ. ಅದರ ತುಣುಕು ಗಂಧಕದೊಡನೆ ಸೇರಿ ಸ್ಕಂಕ್ ಪ್ರಾಣಿಯ ದುರ್ವಾಸನೆಯನ್ನು ಹೋಲುವ ಥಯೋಲ್ ಆಗುತ್ತದೆ. ಕಂದು ಬಾಟಲಿ ರಕ್ಷಿಸುತ್ತದೆ. ಹಸುರು, ಬಿಳಿಯ ಬಾಟಲಿಗಳು ರಕ್ಷಿಸಲಾರವು.

ಯಾವಾಗ ತೀರ್ಪು?

ಕುದಿತ ಮುಗಿದ ವರ್ಟನ್ನು ಸವಿದು ಕಹಿಯನ್ನು ಅಳೆಯುವುದು ವ್ಯರ್ಥ. ಸಿಹಿಯ ಮರೆಯಲ್ಲಿ ಅದು ಕಾಣುವುದೇ ಇಲ್ಲ. ಹುದುಗಿದ ಹೊಸತರಲ್ಲಿ ತೇಲುವ ಯೀಸ್ಟೂ ಹಾಪ್ಸಿನ ಕಣಗಳೂ ಒರಟುತನವನ್ನು ತರುತ್ತವೆ. ಕೆಲವು ವಾರಗಳಲ್ಲಿ ಅವು ತಳಕ್ಕಿಳಿದು ಕಹಿ ನಯವಾಗುತ್ತದೆ. ಇನ್ನೂ ತಿಂಗಳುಗಳು ಕಳೆದರೆ ಐಸೊ-ಆಲ್ಫಾ ಆಮ್ಲಗಳಲ್ಲಿ ಟ್ರಾನ್ಸ್ ರೂಪದವು ಸಿಸ್ ರೂಪದವುಗಳಿಗಿಂತ ಬೇಗ ಕ್ಷಯಿಸಿ, ಕಹಿ ಇಳಿದು, ಗಂಧ ಮಾಸಿ, ಮಾಲ್ಟಿನ ಹಳಸಲು ಸಿಹಿ ಮೇಲೇಳುತ್ತದೆ.

ಆದುದರಿಂದ ಒಂದೇ ಪಾಕದ ಬಾಟಲಿಗಳನ್ನು ಮೂರನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು, ಪ್ರತಿಸಲವೂ ಹತ್ತು ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ತೆರೆದು, ಕಹಿಯ ಬಲ, ಅದರ ಉಳಿಕೆ, ಒಗರು, ಸಿಹಿ ಇವನ್ನು ಬೇರೆಬೇರೆ ಕಾಲಮ್ಮುಗಳಲ್ಲಿ ಬರೆದಿಡಬೇಕು. ಬಲವೇ ಕಡಿಮೆಯೆಂದು ಮೂರು ಸಲವೂ ಕಂಡರೆ, ನಮ್ಮ ಉದಾಹರಣೆಯ ಪಾತ್ರೆಯಲ್ಲಿ 60 ನಿಮಿಷದ ಕಂತಿಗೆ 7 ಗ್ರಾಂ ಕ್ಯಾಸ್ಕೇಡ್ ಸೇರಿಸಿದರೆ 5 ಮಾನ ಏರುತ್ತದೆ. ಬಲ ಸರಿಯಿದ್ದು ಮೊನಚು ಸಾಲದಿದ್ದರೆ ಹಾಪ್ಸನ್ನು ಮುಟ್ಟದೆ ಜಿಪ್ಸಮ್ಮನ್ನು ಏರಿಸಬೇಕು. ಒಗರು ಕಂಡರೆ ಮಾಲ್ಟ್ ತೊಳೆಯುವ ನೀರನ್ನು ಪರೀಕ್ಷಿಸಬೇಕು. ಒಂದು ಪಾಕಕ್ಕೆ ಒಂದೇ ಬದಲಾವಣೆ: ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂಬುದು ಮುಂದಿನ ಬಾಟಲಿಯಲ್ಲಿಯೂ ತಿಳಿಯದು.